ಕಡೆಪಟ್ಟಿಗೆ ಅಂಟಿಸಿದ ತೇಗದ ಮೇಜು: ಬಿರಿದದ್ದೇಕೆ, ಸರಿಪಡಿಸಿದ್ದು ಹೇಗೆ

ಎಂಟು ಜನ ಕೂರುವ ಊಟದ ಮೇಜು. ಹಾಸು, ಅಂದರೆ ಮೇಜಿನ ಮೇಲುಹಲಗೆ, ಅಪ್ಪಟ ತೇಗದ್ದು: ತುದಿಯ ಪಟ್ಟಿಗಳೂ ಸೇರಿ 2100 ಮಿ.ಮೀ. ಉದ್ದ, 960 ಮಿ.ಮೀ. ಅಗಲ, 28 ಮಿ.ಮೀ. ದಪ್ಪ. ತಲಾ 120 ಮಿ.ಮೀ. ಅಗಲದ ಎಂಟು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಬಿಳಿ ಅಂಟಿನಲ್ಲಿ ಸೇರಿಸಲಾಗಿತ್ತು. ಎರಡೂ ತುದಿಗೆ 90 ಮಿ.ಮೀ. ಅಗಲದ ಕಡೆಪಟ್ಟಿ, ಅಂದರೆ ಹಾಸಿನ ತುದಿಗೆ ಅಡ್ಡಲಾಗಿ ಕೂರುವ ಹಲಗೆ. ಹಾಸಿನ ಎಳೆ (ಮರದ ನಾರು) ಮೇಜಿನ ಉದ್ದಕ್ಕೆ ಓಡಿದರೆ ಕಡೆಪಟ್ಟಿಯ ಎಳೆ ಅಡ್ಡಕ್ಕೆ ಓಡುತ್ತದೆ. ಹಾಸಿನ ತುದಿಯಲ್ಲಿ ನಾಲಗೆ ತೆಗೆದು, ಪಟ್ಟಿಯ ತೋಡಿನೊಳಗೆ ಕೂರಿಸಿ, ತೋಡಿನ ಉದ್ದಕ್ಕೂ ಅಂಟು ಹಾಕಿದ್ದರು. ಅದು ಸಾಲದೆಂದು ದುಂಡು ಮರದ ಗೂಟಗಳಾದ, 10 ಮಿ.ಮೀ. ದಪ್ಪದ ಐದು ಡೋವೆಲ್‌ಗಳನ್ನೂ ಹೊಡೆದಿದ್ದರು. ಕೆಳಗೆ ಎರಡು ಅಡ್ಡಪಟ್ಟಿ, ಒಂದೊಂದಕ್ಕೂ ಐದು ಸ್ಕ್ರೂ, ತೂತುಗಳು ಸ್ಕ್ರೂವಿನಷ್ಟೇ ಬಿಗಿ. ಕಾಲಿನ ಚೌಕಟ್ಟಿಗೆ ಹಾಸನ್ನು ಎಂಟು ಎಲ್-ಬ್ರಾಕೆಟ್‌ಗಳಲ್ಲಿ ಬಿಗಿದಿತ್ತು. ಮೇಲ್ಮುಖಕ್ಕೆ ಮೂರು ಕೋಟ್ ಪಿಯು (ಪಾಲಿಯುರಿಥೇನ್ ಪಾಲಿಶ್), ಕೆಳಮುಖಕ್ಕೆ ಒಂದೇ ಒಂದು ಕೋಟ್ ಸೀಲರ್.

ಕೆಲಸ ಅಚ್ಚುಕಟ್ಟಾಗಿತ್ತು. ಕೂಡುಗಳಲ್ಲಿ ಕೂದಲೆಳೆಯಷ್ಟೂ ಸಂದಿ ಇರಲಿಲ್ಲ. ಮೇಜು ತಯಾರಾದದ್ದು ಮಳೆಗಾಲದ ನಡುವೆ. ಅದು ಹೋಗಿ ನಿಂತ ಮನೆಯಲ್ಲಿ ಮಳೆಗಾಲ ಮುಗಿಯುವವರೆಗೆ ಕಿಟಕಿಗಳು ತೆರೆದಿದ್ದವು, ಆಮೇಲೆ ಒಣಹವೆ ಬಂತು, ಬೇಸಿಗೆ ಏರಿದಂತೆ ಎ.ಸಿ. ದಿನವಿಡೀ ಓಡತೊಡಗಿತು, ಜತೆಗೆ ತೇವ ಹೀರುವ ಯಂತ್ರ. ಆ ಹೊತ್ತಿಗೆ ಒಂದು ತುದಿಯಲ್ಲಿ ಮೂರು, ಇನ್ನೊಂದು ತುದಿಯಲ್ಲಿ ಎರಡು ಬಿರುಕು ಕಾಣಿಸಿಕೊಂಡವು. ಮನೆಯವರ ಪ್ರಶ್ನೆ ಸಹಜವಾದದ್ದೇ: ತೇಗ ಅಲುಗದ ಮರ ಅನ್ನುತ್ತಾರಲ್ಲ, ಇದು ತೇಗವೇ ಹೌದೆ?

ತೇಗವೇ ಹೌದು. ಮರದಲ್ಲಿ ಮೋಸ ಇರಲಿಲ್ಲ.

ಅಳತೆಗಳು ಹೇಳಿದ್ದು

ಮೊದಲು ಟೇಪು ಹಿಡಿದದ್ದು ಬಿರುಕಿನ ಮೇಲಲ್ಲ, ಮೇಜಿನ ನಡುವಿಗೆ. ಕಡೆಪಟ್ಟಿಗಳಿಂದ ದೂರ, ನಟ್ಟನಡುವೆ ಅಗಲ 951 ಮಿ.ಮೀ. ಇತ್ತು. ತುದಿಗಳಲ್ಲಿ, ಕಡೆಪಟ್ಟಿಗೆ ತಾಗಿದಂತೆ ಅಳೆದರೆ ಬಿರುಕುಗಳೂ ಸೇರಿ 959. ಅಂದರೆ ಹಾಸು ಸ್ವತಂತ್ರವಾಗಿದ್ದ ಕಡೆ 9 ಮಿ.ಮೀ. ಕುಗ್ಗಿದೆ, ಪಟ್ಟಿ ಹಿಡಿದುಕೊಂಡ ಕಡೆ ಕುಗ್ಗಲು ಬಿಟ್ಟಿಲ್ಲ. ಇಡೀ ಪ್ರಕರಣ ಈ ಎರಡು ಅಂಕಿಗಳ ನಡುವೆ ಇದೆ.

ಒಂದು ತುದಿಯ ಮೂರು ಬಿರುಕುಗಳ ಬಾಯಿ 2.6, 1.9 ಮತ್ತು 1.7 ಮಿ.ಮೀ., ಒಟ್ಟು 6.2. ಮೊದಲ ಎರಡು ಅಂಟಿನ ಕೂಡಿನಲ್ಲಿ ಬಿಚ್ಚಿದ್ದವು. ಮೂರನೆಯದು ಒಂದು ಹಲಗೆಯ ಮೈಯನ್ನೇ ಸೀಳಿತ್ತು. ಇನ್ನೊಂದು ತುದಿಯಲ್ಲಿ ಅದೇ ಎರಡು ಕೂಡುಗಳು 3.1 ಮತ್ತು 2.4 ಮಿ.ಮೀ. ಬಾಯಿಬಿಟ್ಟಿದ್ದವು. ಎಲ್ಲ ಬಿರುಕುಗಳೂ ತುದಿಯಲ್ಲಿ ಅಗಲವಾಗಿ, ಒಳಗೆ ಸಾಗಿದಂತೆ ಕಿರಿದಾಗಿ, 300ರಿಂದ 400 ಮಿ.ಮೀ. ಒಳಗೆ ಮುಗಿದಿದ್ದವು. ಅಂಟು ಕೆಟ್ಟಿದ್ದರೆ ಕೂಡು ಎಲ್ಲಿ ಬೇಕಾದರೂ ಬಿಡುತ್ತಿತ್ತು. ಬರೀ ತುದಿಯಲ್ಲಿ, ಅದೂ ಎರಡೂ ತುದಿಯಲ್ಲಿ ಬಿಟ್ಟಿದೆ ಎಂದರೆ ಅಲ್ಲಿ ಏನೋ ಹಿಡಿದಿಟ್ಟಿದೆ ಎಂದೇ ಅರ್ಥ.

ತೇವಾಂಶ ನೋಡಲು ಕೆಳಮುಖದ ಎಂಟು ಕಡೆ ಪಿನ್ ಇರುವ ಮಾಯಿಶ್ಚರ್ ಮೀಟರ್ ಚುಚ್ಚಲಾಯಿತು. ತೇಗಕ್ಕೆ ತಕ್ಕ ತಿದ್ದುಪಡಿ ಮಾಡಿದ ಮೇಲೆ ಸರಾಸರಿ ಶೇ. 7.6. ಈ ತಿದ್ದುಪಡಿಯನ್ನು ಬಿಡುವಂತಿಲ್ಲ. ಪಿನ್ ಮೀಟರ್ ಅಳೆಯುವುದು ತೇವವನ್ನಲ್ಲ, ವಿದ್ಯುತ್ ಹರಿವಿಗೆ ಮರ ಒಡ್ಡುವ ತಡೆಯನ್ನು. ಆ ತಡೆ ಮರದಿಂದ ಮರಕ್ಕೆ ಬೇರೆ. ಮರ ಬಿಸಿಯಾಗಿದ್ದರೂ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಶೇ. 6ರ ಕೆಳಗೆ ಆ ಅಂಕಿಯನ್ನು ನಂಬಿ ನಿರ್ಧಾರ ಮಾಡಬಾರದು.

ಮೇಜು ಮಾಡಿದಾಗ ತೇವಾಂಶ ಎಷ್ಟಿತ್ತು ಎಂಬುದಕ್ಕೆ ಅದೃಷ್ಟವಶಾತ್ ಸಾಕ್ಷಿ ಉಳಿದಿತ್ತು. ಮುಂದೆ ಬಣ್ಣ ಹೊಂದಿಸಲು ಬೇಕಾದೀತೆಂದು ಅದೇ ಹಲಗೆಯ ತುಂಡೊಂದನ್ನು ಅಂಟು ಹಾಕಿದ ದಿನವೇ ಎರಡು ಪದರ ಪಾಲಿಥಿನ್ ಚೀಲದಲ್ಲಿ ಸುತ್ತಿ ಟೇಪ್ ಅಂಟಿಸಿಟ್ಟಿದ್ದರು. ತೆಗೆದ ಕೂಡಲೇ ತೂಗಿದಾಗ 186.4 ಗ್ರಾಂ. 103 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿಟ್ಟು, ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಿದ ಮೇಲೆ 163.8 ಗ್ರಾಂ. ಹೋದ ನೀರು 22.6 ಗ್ರಾಂ. ಅದನ್ನು ಒಣತೂಕದಿಂದ ಭಾಗಿಸಿದರೆ ಶೇ. 13.8. ಭಾಗಿಸಬೇಕಾದದ್ದು ಒಣತೂಕದಿಂದ, ಹಸಿತೂಕದಿಂದಲ್ಲ. ಇಲ್ಲಿ ತಪ್ಪಿದರೆ ಉತ್ತರ ಶೇ. 12.1 ಬಂದು, ಮರ ಇದ್ದುದಕ್ಕಿಂತ ಒಣಗಿತ್ತು ಎಂಬ ಸುಳ್ಳು ಸಮಾಧಾನ ಸಿಗುತ್ತದೆ. ಚೀಲದಿಂದ ಅಷ್ಟಿಷ್ಟು ತೇವ ಹೊರಹೋಗಿರಬಹುದಾದ್ದರಿಂದ ಆ ದಿನದ ನಿಜವಾದ ತೇವಾಂಶ 13.8ಕ್ಕಿಂತ ತುಸು ಹೆಚ್ಚೇ ಇದ್ದೀತು, ಕಡಿಮೆಯಂತೂ ಅಲ್ಲ.

ಆದರೆ ಮರ ಕೊಂಡ ಚೀಟಿಯಲ್ಲಿ ಶೇ. 10 ಎಂದಿತ್ತು. ಅದೂ ಸುಳ್ಳಲ್ಲ. ಮರ ಒಣಗಿಸುವ ಗೂಡಾದ ಕಿಲ್ನ್‌ನಿಂದ ಹೊರಬಂದಾಗ ಅಷ್ಟೇ ಇದ್ದಿರಬಹುದು. ಆಮೇಲೆ ಹಲಗೆಗಳು ಮಳೆಗಾಲದ ಎರಡು ತಿಂಗಳಿಗೂ ಹೆಚ್ಚು ಕಾಲ ಪಕ್ಕ ತೆರೆದ ಶೆಡ್‌ನಲ್ಲಿ ಇದ್ದವು. ಕಿಲ್ನ್‌ನಲ್ಲಿ ಒಣಗಿಸಿದ ಮರ ಒಣಗಿಯೇ ಉಳಿಯುತ್ತದೆ ಎಂಬ ನಂಬಿಕೆ ಈ ಕಸುಬಿನಲ್ಲಿ ಬಹಳ ಹಾನಿ ಮಾಡಿದೆ. ಸುತ್ತಲ ಗಾಳಿ ಹೇಗೋ ಮರ ಹಾಗೆ. 25 ಡಿಗ್ರಿ ಆಸುಪಾಸಿನ ಉಷ್ಣತೆಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75 ಇದ್ದರೆ ಮರ ಕೊನೆಗೆ ಸುಮಾರು ಶೇ. 14ಕ್ಕೆ ಬಂದು ನಿಲ್ಲುತ್ತದೆ. ಶೇ. 65ಕ್ಕೆ 12ರ ಹತ್ತಿರ, ಶೇ. 50ಕ್ಕೆ 9, ಶೇ. 40ಕ್ಕೆ 7.6, ಶೇ. 30ಕ್ಕೆ 6. ಇದನ್ನು ಸಮತೋಲನ ತೇವಾಂಶ ಎನ್ನುತ್ತಾರೆ. ಎಣ್ಣೆ, ರಾಳದಂಥ ಅಂಶ ಹೆಚ್ಚಿರುವ ತೇಗದಂಥ ಮರ ಇದಕ್ಕಿಂತ ತುಸು ಕೆಳಗೇ ನಿಲ್ಲಬಹುದು, ಆದರೆ ದಾರಿ ಇದೇ. ಮನೆಯ ಊಟದ ಕೋಣೆಯಲ್ಲಿ ಆರ್ದ್ರತಾಮಾಪಕ ತೋರಿಸಿದ್ದು ಶೇ. 36ರಿಂದ 42. ಮೀಟರ್ ತೋರಿಸಿದ 7.6ಕ್ಕೂ ಇದಕ್ಕೂ ತಾಳೆಯಾಗುತ್ತದೆ.

9 ಮಿ.ಮೀ. ಎಲ್ಲಿಂದ ಬಂತು

ಮರ ತನ್ನ ಉದ್ದಕ್ಕೆ ಲೆಕ್ಕಕ್ಕೇ ಬಾರದಷ್ಟು ಕುಗ್ಗುತ್ತದೆ. ಹಸಿಯಿಂದ ಪೂರ್ತಿ ಒಣಗುವವರೆಗೆ ಹಿಡಿದರೂ ಸಾಮಾನ್ಯವಾಗಿ ಶೇ. 0.1ರಿಂದ 0.2. ಅಗಲಕ್ಕೆ ಹಾಗಲ್ಲ. ಅಗಲದಲ್ಲೂ ಎರಡು ಬಗೆ: ಉಂಗುರದ ಗುಂಟ ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ. ಹಲಗೆಯ ತುದಿ ನೋಡಿದಾಗ ಉಂಗುರಗಳು ಅಗಲದ ಗುಂಟ ಮಲಗಿದ್ದರೆ ಅದು ಫ್ಲ್ಯಾಟ್ ಸಾನ್ ಹಲಗೆ, ಹೆಚ್ಚು ಅಲುಗುತ್ತದೆ. ಉಂಗುರಗಳು ನೆಟ್ಟಗೆ ನಿಂತಿದ್ದರೆ ಕ್ವಾರ್ಟರ್ ಸಾನ್, ಕಡಿಮೆ ಅಲುಗುತ್ತದೆ.

ತೇಗಕ್ಕೆ ಲೆಕ್ಕದ ಗುಣಾಂಕ ಮಲಗಿದ ಉಂಗುರಕ್ಕೆ 0.00186, ನಿಂತ ಉಂಗುರಕ್ಕೆ 0.00101. ಶೇ. 6ರಿಂದ 14ರ ನಡುವಣ ತೇವಾಂಶಕ್ಕೆ ಇವು ಚೆನ್ನಾಗಿ ಹೊಂದುತ್ತವೆ. ಅಗಲವನ್ನು ಗುಣಾಂಕದಿಂದಲೂ ತೇವಾಂಶ ಎಷ್ಟು ಪಾಯಿಂಟ್ (ಶೇಕಡಾ ಅಂಕ) ಬದಲಾಯಿತೋ ಅದರಿಂದಲೂ ಗುಣಿಸಿದರೆ ಸಾಕು. ಈ ಹಾಸಿನಲ್ಲಿ ಐದು ಹಲಗೆ ಮಲಗಿದ ಉಂಗುರದವು, ಮೂರು ನಿಂತ ಉಂಗುರಕ್ಕೆ ಹತ್ತಿರದವು. ಮೊದಲ ಐದರ 600 ಮಿ.ಮೀ. ಅಗಲ ಒಂದು ಪಾಯಿಂಟಿಗೆ 1.12 ಮಿ.ಮೀ. ಕೊಡುತ್ತದೆ, ಉಳಿದ 360 ಮಿ.ಮೀ. ಅಗಲ 0.36. ಒಟ್ಟು ಪಾಯಿಂಟಿಗೆ 1.48. ತೇವಾಂಶ 13.8ರಿಂದ 7.6ಕ್ಕೆ, ಅಂದರೆ 6.2 ಪಾಯಿಂಟ್ ಇಳಿದಿದೆ. ಗುಣಿಸಿದರೆ 9.2 ಮಿ.ಮೀ. ನಡುವೆ ಅಳೆದಾಗ ಸಿಕ್ಕಿದ್ದು 9. ಮೇಜು ಮಾಡುವ ಮೊದಲೇ ಕಾಗದದ ಮೇಲೆ ಎರಡು ನಿಮಿಷದಲ್ಲಿ ಸಿಗಬಹುದಾಗಿದ್ದ ಅಂಕಿ ಇದು.

ತೇಗ ಅಲುಗದ ಮರ ಎಂಬ ಮಾತಿನಲ್ಲಿ ಅರ್ಧ ಸತ್ಯ ಇದೆ. ಇದೇ ಹಾಸನ್ನು ಪೂರ್ತಿ ಮಲಗಿದ ಉಂಗುರದ ಬಿಳಿ ಓಕ್‌ನಲ್ಲಿ ಮಾಡಿದ್ದರೆ, ಗುಣಾಂಕ 0.00365, ಇದೇ 6.2 ಪಾಯಿಂಟಿಗೆ ಸುಮಾರು 22 ಮಿ.ಮೀ. ಕುಗ್ಗುತ್ತಿತ್ತು. ಅಮೆರಿಕನ್ ಬೀಚ್ ಆಗಿದ್ದರೆ 26ರ ಹತ್ತಿರ. ತೇಗ ಇವುಗಳ ಅರ್ಧದಷ್ಟೇ ಅಲುಗುತ್ತದೆ ನಿಜ. ಆದರೆ ಸುಮಾರು ಒಂದು ಮೀಟರ್ ಅಗಲದ ಹಾಸಿನಲ್ಲಿ ಅರ್ಧವೂ ಮೇಜನ್ನು ಸೀಳಲು ಸಾಕು.

ಕಡೆಪಟ್ಟಿ ಮಾಡಿದ್ದೇನು

ಕಡೆಪಟ್ಟಿ 960 ಮಿ.ಮೀ. ಉದ್ದದ ಮರ. ತನ್ನ ಉದ್ದಕ್ಕೆ ಅದು ಅರ್ಧ ಮಿ.ಮೀ. ಕುಗ್ಗಿದರೆ ಹೆಚ್ಚು. ಅದಕ್ಕೆ ತುದಿಯಿಂದ ತುದಿವರೆಗೆ ಅಂಟಿಸಿದ ಹಾಸು 9 ಮಿ.ಮೀ. ಕುಗ್ಗಬೇಕು. ಹಾಸು ಒಳಕ್ಕೆ ಎಳೆಯುತ್ತದೆ, ಪಟ್ಟಿ ಬಿಡುವುದಿಲ್ಲ. ಎಳೆಗೆ ಅಡ್ಡಲಾಗಿ ಎಳೆದಾಗ ಮರ ಬಹಳ ದುರ್ಬಲ. ಸ್ವಲ್ಪ ದೂರ ಹಿಗ್ಗಿಕೊಂಡು ತಾಳುತ್ತದೆ, ಡೋವೆಲ್‌ಗಳ ಸುತ್ತ ಮರ ಅದುಮಿ ಇನ್ನಷ್ಟು ಜಾಗ ಸಿಗುತ್ತದೆ. ಆಮೇಲೆ ಎಲ್ಲಿ ಬಲ ಕಡಿಮೆಯೋ ಅಲ್ಲಿ ಹರಿಯುತ್ತದೆ. 6.2 ಮಿ.ಮೀ. ಬಿರುಕಾಗಿ ಹೊರಬಂತು, ಉಳಿದದ್ದು ಮರದೊಳಗೆ ಬಿಗಿತವಾಗಿ ಕೂತಿತ್ತು. ಆ ಬಿಗಿತ ಇರುವವರೆಗೆ ಮುಂದಿನ ಬಿರುಕು ಕಾಯುತ್ತಲೇ ಇರುತ್ತದೆ.

ಇದಕ್ಕೆ ಕೆಳಗಿನ ಅಡ್ಡಪಟ್ಟಿಗಳೂ ಸಾಕ್ಷಿ ಹೇಳಿದವು. ಬಿಚ್ಚಿ ನೋಡಿದರೆ ನಡುವಿನ ಸ್ಕ್ರೂ ನೆಟ್ಟಗಿತ್ತು, ಅದರ ಆಚೀಚಿನವು ತುಸು ವಾಲಿದ್ದವು, ಎರಡೂ ಕೊನೆಯ ಸ್ಕ್ರೂಗಳು ಕಣ್ಣಿಗೆ ಕಾಣುವಷ್ಟು ಬಾಗಿದ್ದವು. ಬಾಗಿದ್ದೆಲ್ಲ ಮೇಜಿನ ನಡುವಿನ ಕಡೆಗೆ. ಹಾಸು ಯಾವ ಕಡೆ ಎಳೆಯಿತು, ಎಲ್ಲಿ ಎಷ್ಟು ಎಳೆಯಿತು ಎಂಬ ನಕ್ಷೆಯೇ ಅಲ್ಲಿತ್ತು. ಸ್ಕ್ರೂ ತೆಳ್ಳಗಿದ್ದು ಬಾಗಿದ್ದರಿಂದ ಅಲ್ಲಿ ಮರ ಸೀಳಲಿಲ್ಲ. ಅಂಟು ಬಾಗಲಿಲ್ಲ, ಆದ್ದರಿಂದ ತುದಿಯಲ್ಲಿ ಸೀಳಿತು.

ಇನ್ನೊಂದು ದೋಷವೂ ಇತ್ತು. ಅಡ್ಡಕ್ಕೆ ನೇರಪಟ್ಟಿ ಇಟ್ಟರೆ ಹಾಸು ನಡುವೆ 3 ಮಿ.ಮೀ. ಉಬ್ಬಿತ್ತು. ಮೇಲೆ ಮೂರು ಕೋಟ್, ಕೆಳಗೆ ಒಂದು ಕೋಟ್ ಇದ್ದುದರಿಂದ ಕೆಳಮುಖ ಬೇಗ ತೇವ ಕಳೆದುಕೊಂಡು ಮೊದಲು ಕುಗ್ಗಿ ಅಂಚುಗಳನ್ನು ಕೆಳಕ್ಕೆ ಎಳೆದಿತ್ತು. ಪಾಲಿಶ್ ಯಾವುದೇ ಇರಲಿ, ತೇವ ಓಡಾಡುವುದನ್ನು ನಿಲ್ಲಿಸುವುದಿಲ್ಲ, ನಿಧಾನಗೊಳಿಸುತ್ತದೆ. ಎರಡೂ ಮುಖದಲ್ಲಿ ಒಂದೇ ನಿಧಾನ ಇರಬೇಕು. ಕಾಣದ ಕೆಳಮುಖಕ್ಕೆ ಯಾಕೆ ಖರ್ಚು ಎಂದು ಉಳಿಸಿದ ಎರಡು ಕೋಟ್ ಈ ಉಬ್ಬಿನಲ್ಲಿ ಲೆಕ್ಕ ಕೇಳಿತು.

ಪುಟ್ಟಿ ತುಂಬುವ ಸಲಹೆ

ಮೊದಲು ಬಂದ ಸಲಹೆ ಬಿರುಕಿಗೆ ಎಪಾಕ್ಸಿಯಲ್ಲಿ ಮರದ ಪುಡಿ ಕಲಸಿ ತುಂಬಿ, ಉಜ್ಜಿ, ಮತ್ತೆ ಪಾಲಿಶ್ ಮಾಡುವುದು. ಒಂದು ದಿನದ ಕೆಲಸ, ಅಗ್ಗ, ನೋಡಲು ಚೆನ್ನ. ಅದನ್ನು ಕೈಬಿಟ್ಟದ್ದಕ್ಕೆ ಕಾರಣ ಹೇಳಲೇಬೇಕು, ಏಕೆಂದರೆ ಬಿರಿದ ಮೇಜುಗಳಲ್ಲಿ ಬಹುಪಾಲಿಗೆ ಇದೇ ಚಿಕಿತ್ಸೆ ನಡೆಯುತ್ತದೆ.

ಒಣಗಾಲದಲ್ಲಿ ಬಾಯಿಬಿಟ್ಟ ಬಿರುಕು ಮಳೆಗಾಲದಲ್ಲಿ ಮುಚ್ಚಬೇಕು. ಅಲ್ಲಿ ಗಟ್ಟಿ ಎಪಾಕ್ಸಿ ಕೂತಿದ್ದರೆ ಹಿಗ್ಗುವ ಮರಕ್ಕೆ ಜಾಗ ಇಲ್ಲ. ಮರದ ಜೀವಕೋಶಗಳು ಅದುಮಿ ನುಜ್ಜಾಗುತ್ತವೆ, ಹಾಗೆ ನುಜ್ಜಾದದ್ದು ಮತ್ತೆ ಮೊದಲಿನ ಅಗಲಕ್ಕೆ ಬರುವುದಿಲ್ಲ. ಮುಂದಿನ ಒಣಗಾಲದಲ್ಲಿ ಹಾಸು ಮೊದಲಿಗಿಂತಲೂ ಕಿರಿದಾಗಲು ಹೊರಡುತ್ತದೆ, ಕಡೆಪಟ್ಟಿ ಇನ್ನೂ ಹಿಡಿದೇ ಇದೆ, ಬಿರುಕು ಹೊಸ ಜಾಗದಲ್ಲಿ ಏಳುತ್ತದೆ. ಹಿಡಿತವನ್ನು ಬಿಡಿಸದೆ ಬಿರುಕನ್ನು ಮುಚ್ಚುವುದು ದುರಸ್ತಿಯೇ ಅಲ್ಲ.

ದುರಸ್ತಿ

ಬ್ರಾಕೆಟ್, ಅಡ್ಡಪಟ್ಟಿ ಎಲ್ಲ ಬಿಚ್ಚಿ ಹಾಸನ್ನು ಇಳಿಸಿ, ಕಡೆಪಟ್ಟಿಗಳನ್ನು ಭುಜದ ಗೆರೆಗೆ, ಅಂದರೆ ನಾಲಗೆ ಶುರುವಾಗುವ ಗೆರೆಗೆ, ಸರಿಯಾಗಿ ಗರಗಸದಿಂದ ಕತ್ತರಿಸಲಾಯಿತು. ಗರಗಸ ಕೊನೆ ಮುಟ್ಟುತ್ತಿದ್ದಂತೆ 2.6 ಮಿ.ಮೀ. ಇದ್ದ ಬಿರುಕು ಅರ್ಧ ಮಿ.ಮೀ.ಗೆ ಕೂಡಿಕೊಂಡಿತು. ರೋಗ ಯಾವುದು ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಹಾಸನ್ನು ಕೂಡಲೇ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಅದೇ ಮನೆಯ ಅದೇ ಕೋಣೆಯಲ್ಲಿ 20 ಮಿ.ಮೀ. ದಪ್ಪದ ರೀಪುಗಳ ಮೇಲೆ, ಎರಡೂ ಮುಖಕ್ಕೆ ಗಾಳಿ ಆಡುವಂತೆ ಮಲಗಿಸಿ ವಾರಕ್ಕೊಮ್ಮೆ ಅಗಲ ಅಳೆಯಲಾಯಿತು. ಎರಡು ವಾರ ಸತತ ಒಂದೇ ಅಂಕಿ ಬಂದ ಮೇಲೆ ಮುಂದಿನ ಕೆಲಸ. ಹೊಸದಾಗಿ ಸೇರಬೇಕಿದ್ದ ಹಲಗೆ, ಕಡೆಪಟ್ಟಿಯ ಮರ ಎಲ್ಲವೂ ಅದೇ ಕೋಣೆಯಲ್ಲಿ ಪಕ್ಕದಲ್ಲೇ ಇದ್ದವು. ಅಂಟಿಸುವ ಹಲಗೆಗಳ ನಡುವೆ ತೇವಾಂಶದ ವ್ಯತ್ಯಾಸ 2 ಪಾಯಿಂಟ್ ಮೀರಬಾರದು. ಮೀರಿದರೆ ಇಂದು ಸಪಾಟಾಗಿ ಉಜ್ಜಿದ ಕೂಡು ಕೆಲವೇ ತಿಂಗಳಲ್ಲಿ ಬೆರಳಿಗೆ ಮೆಟ್ಟಿಲಾಗಿ ತಗಲುತ್ತದೆ.

ಮೀಟರ್ ಇಲ್ಲದವರಿಗೆ ಇಲ್ಲಿ ತೂಕದ ದಾರಿ ಇದೆ. ರಾಶಿಯೊಳಗಿನ ಒಂದು ಹಲಗೆಯ ನಡುವಿನಿಂದ ಎರಡು ತುಂಡು ತೆಗೆದು, ಒಂದನ್ನು ಒಲೆಯಲ್ಲಿ ಒಣಗಿಸಿ ತೇವಾಂಶ ತಿಳಿದುಕೊಂಡು, ಅದರಿಂದ ಇನ್ನೊಂದರ ಒಣತೂಕವನ್ನು ಲೆಕ್ಕ ಹಾಕಿ ಬರೆದಿಟ್ಟು, ಆ ತುಂಡಿನ ತುದಿಗಳಿಗೆ ಬಣ್ಣ ಬಳಿದು ರಾಶಿಯಲ್ಲೇ ಇಡಬೇಕು. ಒಣತೂಕ 500 ಗ್ರಾಂ ಎಂದು ಬಂದರೆ, ಶೇ. 8 ಬೇಕಾದಾಗ ತುಂಡು 540 ಗ್ರಾಂ ತೂಗಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ತುದಿಗೆ ಬಣ್ಣ ಯಾಕೆಂದರೆ ಮರದ ಕೊನೆಗಳು ಮುಖಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಒಣಗುತ್ತವೆ. ಅವು ತೆರೆದಿದ್ದರೆ ಸಣ್ಣ ತುಂಡು ರಾಶಿಗಿಂತ ಮುಂದೆ ಓಡಿ ಸುಳ್ಳು ಹೇಳುತ್ತದೆ.

ಬಿಟ್ಟ ಎರಡು ಕೂಡುಗಳಿಗೆ ಸಿರಿಂಜಿನಲ್ಲಿ ಅಂಟು ಇಳಿಸಿ ಬಿಗಿಯಬಹುದಿತ್ತು. ಆದರೆ ಬಿರುಕಿನೊಳಗೆ ಒರೆಸಿದ ಎಣ್ಣೆ, ಮೇಣ, ದೂಳು ಸೇರಿತ್ತು, ಹಳೆಯ ಅಂಟಿನ ಪದರದ ಮೇಲೆ ಹೊಸ ಬಿಳಿ ಅಂಟು ಹಿಡಿಯುವುದೂ ಇಲ್ಲ. ಆದ್ದರಿಂದ ಎರಡೂ ಕೂಡುಗಳನ್ನು ಉದ್ದಕ್ಕೆ ಸೀಳಿ, ಅಂಚುಗಳಿಗೆ ಹೊಸದಾಗಿ ಹತ್ತರಿ ಹೊಡೆದು, ಅದೇ ದಿನ ಅಂಟಿಸಲಾಯಿತು. ತೇಗದಲ್ಲಿ ಹತ್ತರಿ ಹೊಡೆದ ಅಂಚನ್ನು ಬಹಳ ಹೊತ್ತು ಬಿಡಬಾರದು, ಒಳಗಿನ ಎಣ್ಣೆ ಮೇಲಕ್ಕೆ ಬಂದು ಅಂಟು ಹಿಡಿಯದಂತೆ ಮಾಡುತ್ತದೆ. ಕ್ಲ್ಯಾಂಪುಗಳು 250 ಮಿ.ಮೀ.ಗೊಂದು, ಒಂದು ಮೇಲೆ ಒಂದು ಕೆಳಗೆ. ಮೈ ಸೀಳಿದ್ದ ಮಲಗಿದ ಉಂಗುರದ ಹಲಗೆಯನ್ನು ಪೂರ್ತಿ ತೆಗೆದು ಅದರ ಜಾಗಕ್ಕೆ ನಿಂತ ಉಂಗುರದ ಹಲಗೆ ಸೇರಿಸಿದ್ದರಿಂದ ಹಾಸು ಈಗ ನಾಲ್ಕಕ್ಕೆ ನಾಲ್ಕು ಆಯಿತು. ಪಾಯಿಂಟಿಗೆ ಅಲುಗಾಟ 1.48ರಿಂದ 1.37 ಮಿ.ಮೀ.ಗೆ ಇಳಿಯಿತು. ಒಟ್ಟು ಅಗಲ 945 ಮಿ.ಮೀ.

ಎಲ್ಲಿ ಬಿಗಿ, ಎಲ್ಲಿ ಸಡಿಲ

ಹೊಸ ಕಡೆಪಟ್ಟಿ 100 ಮಿ.ಮೀ. ಅಗಲ. ಹಾಸಿನ ತುದಿಯಲ್ಲಿ 9 ಮಿ.ಮೀ. ದಪ್ಪದ ನಾಲಗೆ. ಉದ್ದಕ್ಕೂ 15 ಮಿ.ಮೀ. ಹೊರಚಾಚಿ, ಐದು ಕಡೆ ಮಾತ್ರ 80 ಮಿ.ಮೀ. ಅಗಲದಲ್ಲಿ 45 ಮಿ.ಮೀ.ವರೆಗೆ ಮುಂದಕ್ಕೆ ಹೋಗುತ್ತದೆ. ಈ ನಾಲಗೆಗಾಗಿ ಹಾಸಿನ ಉದ್ದ ಎರಡೂ ಕಡೆ 45 ಮಿ.ಮೀ. ಹೋಗಿ, ಹೊಸ ಪಟ್ಟಿಗಳು ತಲಾ 10 ಮಿ.ಮೀ. ಸೇರಿಸಿದ್ದರಿಂದ ಮೇಜು 70 ಮಿ.ಮೀ. ಗಿಡ್ಡವಾಗಿ 2030ಕ್ಕೆ ಬಂತು.

ನಡುವಿನ ನಾಲಗೆಗೆ ಮಾತ್ರ ಅಂಟು, ಅದು ಕೂರುವ ಕಡೆಪಟ್ಟಿಯ ತೂತೂ ಬಿಗಿ. ಆ 80 ಮಿ.ಮೀ. ಅಗಲದಲ್ಲಿ 6 ಪಾಯಿಂಟ್ ಬದಲಾದರೂ ಅಲುಗಾಟ 0.9 ಮಿ.ಮೀ. ಮೀರದು, ಅಷ್ಟನ್ನು ಮರ ತಾಳಿಕೊಳ್ಳುತ್ತದೆ. ಉಳಿದ ನಾಲ್ಕಕ್ಕೆ ಅಂಟಿನ ಹನಿಯೂ ಸೋಕಬಾರದು.

ಸಡಿಲ ಎಷ್ಟು ಬೇಕೆಂಬುದಕ್ಕೆ ಮನೆಯ ಎರಡು ಕೊನೆಗಳನ್ನು ಹಿಡಿಯಲಾಯಿತು: ಎ.ಸಿ. ಕಾಲದಲ್ಲಿ ಮರ ಶೇ. 7, ಕಿಟಕಿ ತೆರೆದ ಮಳೆಗಾಲದಲ್ಲಿ ಶೇ. 13. ಈಗ ಇರುವುದು 7.6. ಅಂದರೆ ಇನ್ನೂ ಕುಗ್ಗಲು ಉಳಿದಿರುವುದು 0.6 ಪಾಯಿಂಟ್ ಮಾತ್ರ, ಹಿಗ್ಗಲು 5.4 ಪಾಯಿಂಟ್. ಹಿಗ್ಗಿದರೆ ಒಟ್ಟು 7.4 ಮಿ.ಮೀ., ನಡುವು ಕದಲದೆ ನಿಂತಿರುವುದರಿಂದ ಒಂದೊಂದು ಅಂಚಿಗೆ 3.7. ನಡುವಿನಿಂದ 400 ಮಿ.ಮೀ. ದೂರದಲ್ಲಿರುವ ಕೊನೆಯ ನಾಲಗೆಗೆ ಇದರಲ್ಲಿ 3.1 ಮಿ.ಮೀ. ಪಾಲು. ಆದ್ದರಿಂದ ಕೊನೆಯ ನಾಲಗೆಗಳ ತೂತಿಗೆ ಹೊರಬದಿಯಲ್ಲಿ 5 ಮಿ.ಮೀ., ಒಳಬದಿಯಲ್ಲಿ 2 ಮಿ.ಮೀ. ಸಡಿಲ, 200 ಮಿ.ಮೀ. ದೂರದವಕ್ಕೆ ಹೊರಗೆ 3, ಒಳಗೆ 2. ಎರಡೂ ಬದಿಗೆ ಸಮನಾಗಿ ಬಿಡುವುದು ರೂಢಿ. ಮರ ತನ್ನ ವ್ಯಾಪ್ತಿಯ ನಡುವಿನಲ್ಲಿದ್ದಾಗ ಕೆಲಸ ಮಾಡಿದರೆ ಅದು ಸರಿ. ಒಣಗಾಲದಲ್ಲಿ ಮಾಡುವಾಗ ಹೆಚ್ಚು ಜಾಗ ಹೊರಕ್ಕೆ ಬೇಕು, ಮಳೆಗಾಲದಲ್ಲಿ ಮಾಡುವಾಗ ಒಳಕ್ಕೆ.

ಒಂದೊಂದು ನಾಲಗೆಗೂ 8 ಮಿ.ಮೀ. ದಪ್ಪದ ಮರದ ಗೂಟ, ಕಡೆಪಟ್ಟಿಯ ಮೂಲಕ ಕೆಳಗಿನಿಂದ. ಪಟ್ಟಿಯಲ್ಲಿ ಗೂಟದ ತೂತು ದುಂಡಗೆ, ಬಿಗಿ. ನಾಲಗೆಯಲ್ಲಿ ಮಾತ್ರ ಅಡ್ಡಕ್ಕೆ ಉದ್ದನೆಯ ಸೀಳುತೂತು. ಇಲ್ಲಿ ಕೈ ನುರಿತವರೂ ದಿಕ್ಕು ತಪ್ಪುತ್ತಾರೆ. ಮಳೆಗಾಲದಲ್ಲಿ ನಾಲಗೆ ಹೊರಕ್ಕೆ ಸರಿಯುತ್ತದೆ, ಗೂಟ ನಿಂತಲ್ಲೇ ನಿಲ್ಲುತ್ತದೆ. ಆದ್ದರಿಂದ ನಾಲಗೆಯ ಸೀಳುತೂತಿನ ಖಾಲಿ ಜಾಗ ಗೂಟದ ಒಳಬದಿಗೆ, ಮೇಜಿನ ನಡುವಿನ ಕಡೆಗೆ, ಹೆಚ್ಚಿರಬೇಕು. ಒಳಕ್ಕೆ 5, ಹೊರಕ್ಕೆ 2, ಗೂಟದ 8 ಸೇರಿ ಸೀಳು 15 ಮಿ.ಮೀ. ಉದ್ದ. ಕೆಳಗಿನ ಅಡ್ಡಪಟ್ಟಿಯಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ಸೀಳು ಇರುವುದು ಅಲುಗದ ಪಟ್ಟಿಯಲ್ಲಿ, ಸರಿಯುವುದು ಹಾಸಿಗೆ ಕಚ್ಚಿದ ಸ್ಕ್ರೂ. ಹಾಗಾಗಿ ಖಾಲಿ ಜಾಗ ಸ್ಕ್ರೂವಿನ ಹೊರಬದಿಗೆ. ಸೀಳು ಅಲುಗುವ ಮರದಲ್ಲಿದೆಯೋ ನಿಂತ ಮರದಲ್ಲಿದೆಯೋ ಎಂದು ಪ್ರತಿಸಲ ಕೇಳಿಕೊಂಡೇ ಡ್ರಿಲ್ ಹಿಡಿಯಬೇಕು. ಅಡ್ಡಪಟ್ಟಿಗಳಲ್ಲಿ ನಡುವಿನ ತೂತು ದುಂಡಗೆ, ಉಳಿದವು 5×14 ಮಿ.ಮೀ. ಸೀಳು, ಸ್ಕ್ರೂ ತಲೆಯ ಅಡಿಗೆ ವಾಷರ್. ಸ್ಕ್ರೂಗಳನ್ನು ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ಬಿಡಲಾಯಿತು.

ಕಡೆಪಟ್ಟಿಯ ಉದ್ದವನ್ನು ಹಾಸಿನ 945ಕ್ಕೆ ಸರಿಗಟ್ಟದೆ 949 ಇಡಲಾಯಿತು. ಒಣಗಾಲದಲ್ಲಿ ಪಟ್ಟಿ ಎರಡೂ ಬದಿ 2 ಮಿ.ಮೀ. ಹೊರಗಿರುತ್ತದೆ, ಮಳೆಗಾಲದಲ್ಲಿ ಹಾಸು ಸುಮಾರು 1.7 ಮಿ.ಮೀ. ಹೊರಗೆ ಬರುತ್ತದೆ. ಈಗ ಸರಿಸಮ ಮಾಡಿದ್ದರೆ ಮಳೆಗಾಲದಲ್ಲಿ ಹಾಸು ಒಂದೊಂದು ಬದಿಯಲ್ಲೂ 3.7 ಮಿ.ಮೀ. ಚಾಚಿ ಅಂಗೈಗೆ ತರಚುತ್ತಿತ್ತು. ಅಂಚುಗಳನ್ನು 3 ಮಿ.ಮೀ. ದುಂಡು ಮಾಡಿದ್ದರಿಂದ ಈ ಏರಿಳಿತ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಈ ಏರಿಳಿತ ಬೇಡವೇ ಬೇಡ ಎನ್ನುವವರು ಕಡೆಪಟ್ಟಿಯನ್ನೇ ಬಿಡಬೇಕು, ಅಥವಾ ತೇಗದ ವೆನೀರ್ ಹಾಕಿದ ಪ್ಲೈವುಡ್ ಹಾಸಿಗೆ ಹೋಗಬೇಕು. ದಿನವಿಡೀ ಎ.ಸಿ. ಓಡುವ ಕೋಣೆಗೆ ಅದು ಕೀಳು ಆಯ್ಕೆಯೇನಲ್ಲ.

ಎಲ್-ಬ್ರಾಕೆಟ್‌ಗಳ ಜಾಗಕ್ಕೆ ಮರದ ಬಟನ್‌ಗಳು ಬಂದವು. ಚೌಕಟ್ಟಿನ ಒಳಮುಖದ ತೋಡಿನಲ್ಲಿ ಬಟನ್‌ನ ನಾಲಗೆ ಕೂರುತ್ತದೆ, ಬಟನ್ ಹಾಸಿಗೆ ಸ್ಕ್ರೂ ಆಗುತ್ತದೆ. ಉದ್ದದ ಬದಿಗಳಲ್ಲಿ ಬಟನ್‌ನ ಭುಜಕ್ಕೂ ಚೌಕಟ್ಟಿಗೂ ನಡುವೆ 4 ಮಿ.ಮೀ. ಬಿಡಲಾಯಿತು, ಹಾಸು ಹಿಗ್ಗಿದಾಗ ಬಟನ್ ಹೊರಕ್ಕೆ ಸರಿದು ತೋಡಿನೊಳಗೆ ಇನ್ನಷ್ಟು ಇಳಿಯಬೇಕಾದ್ದರಿಂದ. ಗಿಡ್ಡ ಬದಿಗಳಲ್ಲಿ ಅದು ತೋಡಿನ ಗುಂಟ ಜಾರಿಕೊಳ್ಳುತ್ತದೆ. ಗಿಡ್ಡ ಬದಿಯ ನಟ್ಟನಡುವೆ ಒಂದೊಂದು ಸ್ಕ್ರೂ ಬಿಗಿಯಾಗಿ, ಹಾಸು ಎರಡೂ ಕಡೆ ಸಮನಾಗಿ ಹರಡಲೆಂದು.

ಕೊನೆಗೆ ಮೇಲ್ಮುಖಕ್ಕೂ ಕೆಳಮುಖಕ್ಕೂ ಮೂರು ಮೂರು ಕೋಟ್ ಪಿಯು. ಹಾಸಿನ ತುದಿಯಲ್ಲಿ ತೆರೆದ ಎಳೆಗೆ, ಕಡೆಪಟ್ಟಿಯ ತೋಡಿನೊಳಗೆ ಮರೆಯಾಗುವ ಭಾಗಕ್ಕೆ ಕೂಡ, ಜೋಡಿಸುವ ಮೊದಲೇ ಸೀಲರ್. ನಡುವಿನ ನಾಲಗೆಯನ್ನು ಮಾತ್ರ ಅಂಟಿಗಾಗಿ ಬಿಡಲಾಯಿತು.

ಮಳೆಗಾಲದ ಅಳತೆ

ಮುಂದಿನ ಮಳೆಗಾಲದಲ್ಲಿ ಕಿಟಕಿಗಳು ತೆರೆದು ಎರಡು ತಿಂಗಳಾದ ಮೇಲೆ ಕೋಣೆಯ ಆರ್ದ್ರತೆ ಶೇ. 66, ಹಾಸಿನ ತೇವಾಂಶ ಶೇ. 11.8. ಲೆಕ್ಕದ ಪ್ರಕಾರ ಅಗಲ 950.7 ಆಗಬೇಕು, ಅಳತೆಗೆ ಸಿಕ್ಕಿದ್ದು 950. ನಡುವೆಯೂ ಅಷ್ಟೇ, ತುದಿಯಲ್ಲೂ ಅಷ್ಟೇ. ಹಾಸು ಕಡೆಪಟ್ಟಿಯಿಂದ ಅರ್ಧ ಮಿ.ಮೀ. ಹೊರಬಂದಿತ್ತು. ನೇರಪಟ್ಟಿಯ ಅಡಿಯಲ್ಲಿ ಉಬ್ಬು ಅರ್ಧ ಮಿ.ಮೀ.ಗಿಂತ ಕಡಿಮೆ. ಬಟನ್‌ಗಳ ಭುಜದ ಸಂದಿ 4ರಿಂದ 2ಕ್ಕೆ ಇಳಿದಿತ್ತು.

ಒಂದು ಗುರುತು ಮಾತ್ರ ಹೊಸದಾಗಿ ಮೂಡಿತ್ತು: ಹಾಸು ಮತ್ತು ಕಡೆಪಟ್ಟಿ ಸೇರುವ ಗೆರೆಯಲ್ಲಿ ಪಿಯು ಪದರ ಸಣ್ಣಗೆ ಬಿರಿದಿತ್ತು. ಆ ಗೆರೆಯಲ್ಲಿ ಎರಡು ಮರ ಒಂದರ ಮೇಲೊಂದು ಜಾರುತ್ತಿರುವಾಗ ಮೇಲಿನ ಪದರ ಅಖಂಡವಾಗಿ ಉಳಿಯದು. ಅದನ್ನು ತುಂಬಲಿಲ್ಲ, ತುಂಬಲೂ ಬಾರದು. ಜೋಡಿಸುವಾಗಲೇ ಆ ಗೆರೆಯ ಎರಡೂ ಬದಿಯಲ್ಲಿ 1 ಮಿ.ಮೀ. ಇಳಿಜಾರು ಅಂಚು ತೆಗೆದು, ಹಾಸಿಗೂ ಪಟ್ಟಿಗೂ ಬೇರೆಬೇರೆಯಾಗಿ ಪಾಲಿಶ್ ಮಾಡಿ ಆಮೇಲೆ ಕೂಡಿಸಿದ್ದರೆ ಈ ಗುರುತು ಮೂಡುತ್ತಲೇ ಇರಲಿಲ್ಲ. ಈ ಮೇಜಿಗೆ ಒಣಗಾಲದಲ್ಲಿ ಚೂಪಾದ ಸ್ಕ್ರೇಪರ್‌ನಿಂದ ಆ ಅಂಚು ತೆಗೆದು, ಗೆರೆಯೊಳಗೆ ಮೇಣ ಉಜ್ಜಿದರೆ ಸಾಕು.